ಗಾಯಕ್ಕೆ ಹೊಲಿಗೆ ಬೇಕೋ ಬೇಡವೋ: ರಕ್ತ ನೋಡಿ ತೀರ್ಮಾನ ಮಾಡಬೇಡಿ

ಚಾಕು ಜಾರಿ ಬೆರಳು ಕೊಯ್ದುಹೋದಾಗ ಮೊದಲು ಕಣ್ಣಿಗೆ ಬೀಳುವುದು ರಕ್ತ. ಜಾಸ್ತಿ ರಕ್ತ ಬಂದರೆ ದೊಡ್ಡ ಗಾಯ, ಕಮ್ಮಿ ಬಂದರೆ ಸಣ್ಣ ಗಾಯ ಅಂತ ಲೆಕ್ಕ ಹಾಕಿಬಿಡುತ್ತೇವೆ. ಈ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ. ತಲೆಗೆ ಒಂದು ಸಣ್ಣ ಸೀಳು ಬಿದ್ದರೂ ಅಂಗಿ ತೊಯ್ದುಹೋಗುವಷ್ಟು ರಕ್ತ ಸುರಿಯುತ್ತದೆ. ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ಒತ್ತೊತ್ತಾಗಿವೆ. ಸುತ್ತಲಿನ ಗಟ್ಟಿ ಅಂಗಾಂಶ ಅವನ್ನು ಹಿಡಿದಿಟ್ಟಿರುವುದರಿಂದ ತುಂಡಾದಾಗ ಅವು ಸುಲಭವಾಗಿ ಮುದುಡಿಕೊಳ್ಳುವುದಿಲ್ಲ. ಇನ್ನೊಂದು ಕಡೆ, ಗಾಜಿನ ಚೂರು ಅಂಗೈಗೆ ಚುಚ್ಚಿದಾಗ ನಾಲ್ಕು ಹನಿ ರಕ್ತ ಬಂದು ನಿಂತುಬಿಡಬಹುದು. ಒಳಗೆ ಬೆರಳಿಗೆ ಹೋಗುವ ನರವೇ ಕತ್ತರಿಸಿಹೋಗಿರಬಹುದು.

ಹಾಗಾದರೆ ನೋಡಬೇಕಾದ್ದು ಏನನ್ನು? ಹೊಲಿಗೆ ಏನು ಮಾಡುತ್ತದೆ ಅನ್ನುವುದು ಗೊತ್ತಾದರೆ ಉತ್ತರ ಸುಲಭ. ಗಾಯ ಮಾಯಿಸುವುದು ದೇಹದ ಕೆಲಸ. ಸೀಳಿದ ಎರಡು ಅಂಚುಗಳನ್ನು ಒಂದಕ್ಕೊಂದು ತಾಗಿಸಿ, ದೇಹ ತನ್ನ ಕೆಲಸ ಮುಗಿಸುವ ತನಕ ಹಾಗೇ ಹಿಡಿದಿಡುವುದಷ್ಟೇ ಹೊಲಿಗೆಯ ಕೆಲಸ. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಅಂಚುಗಳು ತಾವಾಗಿಯೇ ಕೂಡಿಕೊಂಡು ನಿಲ್ಲುತ್ತವೆಯೇ? ಚರ್ಮದ ಕೆಳಗೆ ಬೇರೆ ಏನಾದರೂ ಕತ್ತರಿಸಿದೆಯೇ? ಈ ಗಾಯ ಮುಚ್ಚಬಹುದಾದಷ್ಟು ಸ್ವಚ್ಛವಾಗಿದೆಯೇ? ಕೊನೆಯ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ. ಆದರೆ ಹೊಲಿಗೆ ಹಾಕಲೇಬಾರದ ಗಾಯಗಳೂ ಇವೆ.

ಮೊದಲು ಒತ್ತಿ ಹಿಡಿಯಿರಿ

ಪರೀಕ್ಷೆ ಆಮೇಲೆ. ಮೊದಲು ರಕ್ತ ನಿಲ್ಲಬೇಕು. ಶುಭ್ರವಾದ ಬಟ್ಟೆ ಅಥವಾ ಗಾಜ್ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ) ಮಡಚಿ ಗಾಯದ ಮೇಲೆ ಇಟ್ಟು, ಕೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಡಿಯಾರ ನೋಡಿಕೊಂಡು 10ರಿಂದ 15 ನಿಮಿಷ, ಬಿಡದೆ. ಎಲ್ಲರೂ ಎಡವುವುದು ಇಲ್ಲೇ. ಒಂದು ನಿಮಿಷಕ್ಕೊಮ್ಮೆ ‘ನಿಂತಿತಾ’ ಅಂತ ಬಟ್ಟೆ ಎತ್ತಿ ನೋಡುತ್ತಾರೆ. ಎತ್ತಿದಾಗಲೆಲ್ಲ ಆಗತಾನೇ ಕಟ್ಟುತ್ತಿದ್ದ ಹೆಪ್ಪು ಕಿತ್ತುಬರುತ್ತದೆ, ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಬಟ್ಟೆ ತೊಯ್ದರೆ ಅದನ್ನು ತೆಗೆಯಬೇಡಿ, ಅದರ ಮೇಲೇ ಇನ್ನೊಂದಿಟ್ಟು ಒತ್ತಿ. ಕೈಗೋ ಕಾಲಿಗೋ ಗಾಯವಾಗಿದ್ದು, ಮೂಳೆ ಮುರಿದ ಅನುಮಾನ ಇಲ್ಲದಿದ್ದರೆ ಎದೆಮಟ್ಟಕ್ಕಿಂತ ಮೇಲೆ ಎತ್ತಿ ಹಿಡಿಯಬಹುದು.

ರಕ್ತ ಚಿಮ್ಮುತ್ತಿದ್ದರೆ, ಅಂದರೆ ನಾಡಿ ಬಡಿತಕ್ಕೆ ಸರಿಯಾಗಿ ಪುಟಿಪುಟಿದು ಬರುತ್ತಿದ್ದರೆ, ಅಪಧಮನಿ ಕತ್ತರಿಸಿದೆ ಎಂದರ್ಥ. ಆಗ 15 ನಿಮಿಷ ಕಾಯುವ ಮಾತಿಲ್ಲ. ಒತ್ತಿ ಹಿಡಿದುಕೊಂಡೇ ಆಂಬುಲೆನ್ಸ್ ಕರೆಸಿ. ಕೈಕಾಲಿನ ಗಾಯದಿಂದ ರಕ್ತ ಸುರಿಯುತ್ತಲೇ ಇದ್ದು ಒತ್ತಿದರೂ ಹಿಡಿತಕ್ಕೆ ಬರದಿದ್ದರೆ, ಗಾಯಕ್ಕಿಂತ ಮೇಲೆ ಅಗಲವಾದ ಪಟ್ಟಿ ಬಿಗಿದು ಕಟ್ಟಬೇಕಾಗುತ್ತದೆ. ಕಟ್ಟಿದ ಹೊತ್ತನ್ನು ಬರೆದಿಡಿ, ಆಸ್ಪತ್ರೆ ತಲುಪುವ ತನಕ ಸಡಿಲಿಸಬೇಡಿ. ಮೈ ತಣ್ಣಗಾಗಿ ಬೆವರುವುದು, ಮುಖ ಬಿಳಿಚಿಕೊಳ್ಳುವುದು, ಮಂಪರು ಬಂದಂತಾಗುವುದು ಕಂಡರೆ ಆ ವ್ಯಕ್ತಿ ಅಪಾಯದಲ್ಲಿದ್ದಾರೆ. ಚಾಕು, ಕಂಬಿ, ದೊಡ್ಡ ಗಾಜು ಮೈಯೊಳಗೆ ನೆಟ್ಟುಕೊಂಡಿದ್ದರೆ ಕೀಳಬೇಡಿ. ಎಷ್ಟೋ ಸಲ ಅದೇ ಒಳಗಿನ ರಕ್ತನಾಳಕ್ಕೆ ಬಿರಡೆಯ ಹಾಗೆ ಕೂತಿರುತ್ತದೆ. ಅದು ಅಲುಗದ ಹಾಗೆ ಸುತ್ತ ಬಟ್ಟೆ ಒತ್ತರಿಸಿ ಕರೆದುಕೊಂಡು ಹೋಗಿ.

ಸಾಮಾನ್ಯವಾಗಿ 15 ನಿಮಿಷ ಒತ್ತಿದರೆ ರಕ್ತ ನಿಲ್ಲುತ್ತದೆ. ನಿಲ್ಲದಿದ್ದರೆ ಅದೇ ಒಂದು ಉತ್ತರ: ವೈದ್ಯರು ನೋಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಜಾಸ್ತಿ ಹೊತ್ತು ಬೇಕಾಗಬಹುದು. ಅಂಥವರು ಬೇಗ ಹೋಗುವುದೇ ಒಳ್ಳೆಯದು.

ತೊಳೆಯಿರಿ, ಆಮೇಲೆ ನೋಡಿ

ರಕ್ತ ನಿಂತ ಮೇಲೆ ಗಾಯವನ್ನು ನಲ್ಲಿ ನೀರಿನಲ್ಲಿ ಕೆಲವು ನಿಮಿಷ ಚೆನ್ನಾಗಿ ತೊಳೆಯಿರಿ. ಕುಡಿಯಲು ಯೋಗ್ಯವಾದ ನಲ್ಲಿ ನೀರಾದರೆ ಸಾಕು. ಅದರಿಂದ ತೊಳೆದ ಗಾಯಗಳಿಗೂ ಸಲೈನ್‌ನಿಂದ ತೊಳೆದ ಗಾಯಗಳಿಗೂ ಸೋಂಕಿನ ವಿಚಾರದಲ್ಲಿ ವ್ಯತ್ಯಾಸ ಕಂಡಿಲ್ಲ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಗಾಯದೊಳಗೆ ಸುರಿಯಬೇಡಿ. ಉರಿ ಬಂದರೆ ಔಷಧ ಕೆಲಸ ಮಾಡುತ್ತಿದೆ ಅನ್ನುವ ನಂಬಿಕೆ ಇದೆ, ಆದರೆ ಅವು ರೋಗಾಣುವಿನ ಜೊತೆಗೆ ಗಾಯ ಮಾಯಿಸಬೇಕಾದ ಜೀವಕೋಶಗಳನ್ನೂ ಸಾಯಿಸುತ್ತವೆ. ಯಾವ ಪುಡಿಯನ್ನೂ ತುಂಬಬೇಡಿ. ಪುಡಿ ತುಂಬಿದ ಗಾಯ ಎಷ್ಟು ಆಳವಿದೆ ಅಂತ ವೈದ್ಯರಿಗೂ ಕಾಣುವುದಿಲ್ಲ. ಅದನ್ನು ಕೆರೆದು ತೆಗೆಯುವ ನೋವು ಬೇರೆ.

ಈಗ ಬೆಳಕಿರುವ ಕಡೆ ಕೂತು ಗಾಯವನ್ನು ನೋಡಿ. ಅಂಚುಗಳನ್ನು ಬೆರಳಿನಿಂದ ಮೆಲ್ಲಗೆ ಕೂಡಿಸಿ, ಬಿಟ್ಟುಬಿಡಿ. ಕೂಡಿಕೊಂಡೇ ನಿಂತರೆ ಹೊಲಿಗೆ ಬೇಡವಾಗಿರುವ ಸಾಧ್ಯತೆ ಹೆಚ್ಚು. ಕೈ ಬಿಟ್ಟ ಕೂಡಲೇ ಗಾಯ ಮತ್ತೆ ಬಾಯಿ ಬಿಟ್ಟರೆ, ಅದನ್ನು ಯಾವುದಾದರೂ ಹಿಡಿದಿಡಲೇಬೇಕು.

ಗಾಯದ ತಳದಲ್ಲಿ ಏನು ಕಾಣುತ್ತದೆ ಅನ್ನುವುದು ಇನ್ನೂ ಮುಖ್ಯ. ಮೇಲ್ಪದರ ಮಾತ್ರ ತರಚಿದ್ದರೆ ಕೆಂಪಾಗಿ ಒಸರುತ್ತಿರುತ್ತದೆ, ಸೀಳು ಅಂತ ಕಾಣುವುದಿಲ್ಲ. ಚರ್ಮ ಪೂರ್ತಿ ಸೀಳಿದ್ದರೆ ತಳದಲ್ಲಿ ಹಳದಿ ಬಣ್ಣದ ಸಣ್ಣ ಸಣ್ಣ ಉಂಡೆಗಳು ಕಾಣುತ್ತವೆ. ಅದು ಕೊಬ್ಬು. ಅದನ್ನೇ ಕೀವು ಅಂದುಕೊಂಡು ಒರೆಸಿ ತೆಗೆಯಲು ಹೋಗುವವರಿದ್ದಾರೆ. ಆಗತಾನೇ ಆದ ಗಾಯದಲ್ಲಿ ಕೀವು ಇರುವುದಿಲ್ಲ. ಇನ್ನೂ ಆಳಕ್ಕೆ ಹೋಗಿದ್ದರೆ ಕಡುಗೆಂಪು ಮಾಂಸಖಂಡ, ಬೆಳ್ಳಗೆ ಹೊಳೆಯುವ ಟೆಂಡನ್ ಕಾಣಬಹುದು. ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ. ಕೊಬ್ಬು ಕಂಡರೆ ಅಥವಾ ಅದಕ್ಕಿಂತ ಆಳದ್ದೇನಾದರೂ ಕಂಡರೆ ಮನೆಯಲ್ಲಿ ಇರಬೇಡಿ. ಅಳತೆ ಬೇಕೇ ಬೇಕು ಅನ್ನುವವರಿಗೆ ಸುಮಾರು ಲೆಕ್ಕ ಹೀಗಿದೆ: ಆಳ 6 ಮಿಲಿಮೀಟರ್‌ಗಿಂತ ಜಾಸ್ತಿ, ಅಥವಾ ಉದ್ದ 2 ಸೆಂಟಿಮೀಟರ್ ದಾಟಿ ಬಾಯಿ ಬಿಟ್ಟಿದ್ದರೆ ತೋರಿಸಿ. ಆದರೆ ಉದ್ದವನ್ನೇ ನಂಬಬೇಡಿ. ಮುಂಗೈ ಮೇಲೆ ಒಂದು ಗೇಣು ಉದ್ದದ ಗೀರು ಮೇಲ್ಪದರದಲ್ಲೇ ಇದ್ದರೆ ತಾನೇ ಮಾಯುತ್ತದೆ.

ಒಂದೇ ಅಳತೆಯ ಎರಡು ಗಾಯಗಳಲ್ಲಿ ಒಂದು ಬಾಯಿ ಬಿಡುತ್ತದೆ, ಇನ್ನೊಂದು ಗೆರೆಯ ಹಾಗೆ ಸುಮ್ನೆ ಇರುತ್ತದೆ. ಇದಕ್ಕೂ ಕಾರಣ ಇದೆ. ಚರ್ಮ ನಮ್ಮ ಮೈಮೇಲೆ ಸಡಿಲವಾಗಿ ಕೂತಿಲ್ಲ, ಒಂದೊಂದು ಜಾಗದಲ್ಲಿ ಒಂದೊಂದು ದಿಕ್ಕಿಗೆ ಬಿಗಿದಿರುತ್ತದೆ. ಆಸ್ಟ್ರಿಯಾದ ಅಂಗರಚನಾ ತಜ್ಞ ಕಾರ್ಲ್ ಲ್ಯಾಂಗರ್ 1861ರಲ್ಲಿ ಮೃತದೇಹಗಳ ಚರ್ಮಕ್ಕೆ ದುಂಡನೆಯ ತೂತುಗಳನ್ನು ಚುಚ್ಚಿ, ಅವು ಯಾವ ದಿಕ್ಕಿಗೆ ಎಳೆದುಕೊಂಡು ಉದ್ದವಾಗುತ್ತವೆ ಅಂತ ನೋಡಿ ಈ ಬಿಗಿತದ ನಕ್ಷೆಯನ್ನೇ ಬರೆದ. ಬಿಗಿತದ ಗೆರೆಗೆ ಅಡ್ಡವಾಗಿ ಸೀಳಿದ ಗಾಯ ಅಗಲವಾಗಿ ತೆರೆದುಕೊಳ್ಳುತ್ತದೆ. ಗೆರೆಯ ಗುಂಟ ಸೀಳಿದ್ದು ಸಣ್ಣ ಕಲೆಯಲ್ಲೇ ಮಾಯುತ್ತದೆ.

ಸಣ್ಣ ಗಾಯದ ಬಗ್ಗೆ ಸಮಾಧಾನದ ಮಾತೂ ಇದೆ. ಕೈಮೇಲಿನ 2 ಸೆಂಟಿಮೀಟರ್‌ಗಿಂತ ಚಿಕ್ಕ, ಒಳಗೆ ಏನೂ ಕತ್ತರಿಸಿರದ ಗಾಯಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೊಲಿಗೆ ಹಾಕಿ, ಇನ್ನೊಂದನ್ನು ತೊಳೆದು ಕಟ್ಟಿ ಬಿಟ್ಟು ನೋಡಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಮೂರು ತಿಂಗಳ ನಂತರ ಕಲೆಯ ಅಂದಚೆಂದದಲ್ಲಿ ಎರಡೂ ಗುಂಪಿಗೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹಾಗಾಗಿ ‘ಇದಕ್ಕೆ ಹೊಲಿಗೆ ಬೇಡ’ ಅಂತ ವೈದ್ಯರು ವಾಪಸ್ ಕಳಿಸಿದರೆ ಅಸಡ್ಡೆ ಮಾಡಿದರು ಅಂದುಕೊಳ್ಳಬೇಡಿ.

ಜಾಗ ಯಾವುದು?

ಮುಖದ ಗಾಯಕ್ಕೆ ಲೆಕ್ಕ ಬೇರೆ. ಚಿಕ್ಕದಾದರೂ ಬಾಯಿ ಬಿಟ್ಟಿದ್ದರೆ ತೋರಿಸಿ, ಯಾಕೆಂದರೆ ಕಲೆ ಜೀವನಪೂರ್ತಿ ಎದುರಿಗೇ ಇರುತ್ತದೆ. ತುಟಿಯ ಕೆಂಪು ಭಾಗ ಮತ್ತು ಚರ್ಮ ಸೇರುವ ಗೆರೆಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಗಾಯ ಆ ಗೆರೆಯನ್ನು ದಾಟಿದ್ದರೆ ಹೊಲಿಗೆ ಬೇಕೇ ಬೇಕು. ಜೋಡಿಸುವಾಗ ಒಂದೇ ಒಂದು ಮಿಲಿಮೀಟರ್ ಆಚೀಚೆ ಆದರೂ ಎದುರು ಕೂತವರಿಗೆ ಗೊತ್ತಾಗುತ್ತದೆ. ಕಣ್ಣಿನ ರೆಪ್ಪೆ, ಅದರಲ್ಲೂ ರೆಪ್ಪೆಯ ಅಂಚು ಮತ್ತು ಮೂಗಿನ ಕಡೆಯ ಮೂಲೆ, ಪರಿಣತರ ಕೈಗೇ ಹೋಗಬೇಕು. ಅಲ್ಲಿ ಕಣ್ಣೀರಿನ ನಾಳ ಇದೆ. ನಾಲಿಗೆ ಕಚ್ಚಿಕೊಂಡರೆ ಮಾತ್ರ ಅಷ್ಟು ಗಾಬರಿ ಬೇಡ. ಬಾಯೊಳಗಿನ ಸಣ್ಣ ಸೀಳುಗಳು ತಾವೇ ಬೇಗ ಕೂಡಿಕೊಳ್ಳುತ್ತವೆ.

ಮಂಡಿ, ಮೊಣಕೈ, ಬೆರಳಿನ ಗೆಣ್ಣು, ಹೀಗೆ ಕೀಲಿನ ಮೇಲಿನ ಗಾಯ ಮಡಚಿದಾಗಲೆಲ್ಲ ತೆರೆದುಕೊಳ್ಳುತ್ತದೆ. ಕೀಲು ಚಾಚಿ ನೋಡಿದರೆ ಮುಚ್ಚಿದಂತೆ ಕಾಣಬಹುದು, ಮಡಚಿಯೂ ನೋಡಿ. ಆಳವಾಗಿದ್ದರೆ ಕೀಲಿನೊಳಕ್ಕೇ ದಾರಿಯಾಗಿರುವ ಭಯವೂ ಇದೆ. ಜನನಾಂಗದ ಗಾಯವನ್ನು ಸಂಕೋಚಪಟ್ಟು ಮುಚ್ಚಿಡಬೇಡಿ, ತೋರಿಸಿ. ವಯಸ್ಸಾದವರ ಚರ್ಮ ಕಾಗದದಷ್ಟು ತೆಳುವಾಗಿರುತ್ತದೆ. ಸುಮ್ಮನೆ ತಾಗಿದರೂ ಪದರ ಎದ್ದುಬರುತ್ತದೆ. ಅಂಥ ಚರ್ಮ ಹೊಲಿಗೆಯ ದಾರವನ್ನು ತಡೆಯುವುದಿಲ್ಲ, ಹರಿದುಬಿಡುತ್ತದೆ. ಎದ್ದ ಪದರವನ್ನು ಕತ್ತರಿಸಿ ಎಸೆಯದೆ, ತೇವದ ಬಟ್ಟೆಯಿಂದ ಮೆಲ್ಲಗೆ ಅದರ ಜಾಗಕ್ಕೆ ಹರಡಿ ಮುಚ್ಚಿ, ಆಮೇಲೆ ತೋರಿಸಬೇಕು.

ಕೈಗೆ ಗಾಯವಾದರೆ ಈ ಪರೀಕ್ಷೆ ಮಾಡಿ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕೈಯಲ್ಲಿ ಚರ್ಮಕ್ಕೂ ಟೆಂಡನ್, ನರಗಳಿಗೂ ನಡುವೆ ಇರುವ ಅಂತರ ತೀರಾ ಕಮ್ಮಿ. ಹೊರಗಿನ ಚರ್ಮ ಚೆನ್ನಾಗಿ ಮಾಯ್ದು, ಬೆರಳು ಮಾತ್ರ ಮಡಚಲಾಗದೆ ಉಳಿಯುವುದು ಸಣ್ಣ ದುಃಖವಲ್ಲ. ಹೊತ್ತಿಗೆ ಸರಿಯಾಗಿ ಗೊತ್ತಾದರೆ ಅದನ್ನು ತಪ್ಪಿಸಬಹುದು.

ಮೊದಲು ಸ್ಪರ್ಶ. ಗಾಯದಿಂದ ಉಗುರಿನ ಕಡೆಗೆ ಇರುವ ಭಾಗವನ್ನು ಹತ್ತಿಯ ಎಳೆಯಿಂದ ಮೆಲ್ಲಗೆ ಸವರಿ. ಪ್ರತಿ ಬೆರಳಿಗೂ ಎಡಕ್ಕೊಂದು ಬಲಕ್ಕೊಂದು ನರ ಹೋಗುತ್ತದೆ, ಆದ್ದರಿಂದ ಬೆರಳಿನ ಎರಡೂ ಮಗ್ಗುಲನ್ನು ಬೇರೆಬೇರೆಯಾಗಿ ನೋಡಬೇಕು. ಇನ್ನೊಂದು ಕೈಯ ಅದೇ ಬೆರಳಿಗೆ ಹೋಲಿಸಿ. ಒಂದು ಮಗ್ಗುಲು ಮಂದವಾಗಿದ್ದರೆ, ಜೋಮು ಹಿಡಿದಂತಿದ್ದರೆ ಆ ನರಕ್ಕೆ ಪೆಟ್ಟಾಗಿದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟ ಮೇಲೆ ಇದು ಗೊತ್ತಾಗುವುದಿಲ್ಲ. ಹಾಗಾಗಿ ಸೂಜಿ ಹಾಕುವ ಮೊದಲೇ ವೈದ್ಯರಿಗೆ ಹೇಳಿ.

ಆಮೇಲೆ ಚಲನೆ. ಬೆರಳಿನ ನಡುವಿನ ಭಾಗವನ್ನು ಇನ್ನೊಂದು ಕೈಯಿಂದ ಅಲುಗದಂತೆ ಹಿಡಿದು, ತುದಿಯ ಗೆಣ್ಣನ್ನು ಮಾತ್ರ ಮಡಚಿ ನೋಡಿ. ನಂತರ ಉಳಿದ ಬೆರಳುಗಳನ್ನು ಚಾಚಿ ಹಿಡಿದು, ಗಾಯವಾದ ಬೆರಳಿನ ನಡುವಿನ ಗೆಣ್ಣನ್ನು ಮಡಚಿ. ಇವೆರಡೂ ಬೇರೆ ಬೇರೆ ಟೆಂಡನ್‌ಗಳ ಕೆಲಸ. ಸುಮ್ನೆ ಮುಷ್ಟಿ ಕಟ್ಟಿ ‘ಬೆರಳು ಆಡುತ್ತಿದೆ’ ಅಂದುಕೊಂಡರೆ ಒಂದು ತುಂಡಾಗಿರುವುದು ಕಣ್ತಪ್ಪಿಹೋಗುತ್ತದೆ. ಕೊನೆಗೆ ಬೆರಳನ್ನು ಪೂರ್ತಿ ಚಾಚಿ. ಅರ್ಧಂಬರ್ಧ ಕತ್ತರಿಸಿದ ಟೆಂಡನ್ ಇನ್ನೂ ಕೆಲಸ ಮಾಡುತ್ತಿರುತ್ತದೆ, ಆದರೆ ಒತ್ತಡಕ್ಕೆ ಎದುರಾಗಿ ಮಡಚಿದಾಗ ನೋವು ಕೊಡುತ್ತದೆ. ಇದನ್ನು ಕಡೆಗಣಿಸಿದರೆ ಕೆಲವು ದಿನಗಳ ನಂತರ ಪೂರ್ತಿ ಹರಿಯಬಹುದು. ಈ ಪರೀಕ್ಷೆಯಲ್ಲಿ ಯಾವುದೇ ಒಂದು ಸರಿಯಿಲ್ಲ ಅನಿಸಿದರೂ, ಗಾಯ ಎಷ್ಟೇ ಪುಟ್ಟದಿರಲಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಗಾಜಿನಿಂದ ಆದ ಗಾಯವಾದರೆ ಒಳಗೆ ಚೂರು ಉಳಿದಿರಬಹುದು. ಗಾಜು ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುತ್ತದೆ. ಮರದ ಸಿಬಿರು ಹೆಚ್ಚಾಗಿ ಕಾಣುವುದಿಲ್ಲ, ಅದಕ್ಕೆ ಅಲ್ಟ್ರಾಸೌಂಡ್ ಬೇಕಾಗಬಹುದು. ‘ಏನೋ ಚುಚ್ಚಿದ ಹಾಗೆ ಇದೆ’ ಅನಿಸುತ್ತಿದ್ದರೆ ಮುಜುಗರ ಇಲ್ಲದೆ ಹೇಳಿ, ಆ ಅನಿಸಿಕೆ ಎಷ್ಟೋ ಸಲ ನಿಜವಾಗಿರುತ್ತದೆ.

ಹೊಲಿಗೆ ಹಾಕಬಾರದ ಗಾಯಗಳು

ಗಾಯ ಮುಚ್ಚುವುದು ಯಾವಾಗಲೂ ಒಳ್ಳೆಯದೇ ಅಂತ ಅನಿಸುತ್ತದೆ, ಅಲ್ವಾ? ಒಳಗೆ ಕೊಳೆ, ರೋಗಾಣು ಇರುವಾಗ ಮೇಲೆ ಹೊಲಿದರೆ ಅವುಗಳಿಗೆ ಬೆಚ್ಚಗಿನ, ಗಾಳಿಯಾಡದ ಜಾಗ ಸಿಕ್ಕಂತಾಗುತ್ತದೆ. ಕೀವು ಹೊರಬರಲು ದಾರಿ ಇರುವುದಿಲ್ಲ.

ಇದರಲ್ಲಿ ಮೊದಲ ಸಾಲು ಪ್ರಾಣಿ ಕಚ್ಚಿದ ಗಾಯಗಳದ್ದು. ಬೆಕ್ಕಿನ ಹಲ್ಲು ಸೂಜಿಯ ಹಾಗೆ ಆಳಕ್ಕೆ ಇಳಿಯುತ್ತದೆ, ಮೇಲೆ ಬರೀ ಚುಕ್ಕೆ ಕಾಣುತ್ತದೆ. ಒಂದೆರಡು ದಿನದಲ್ಲೇ ಕೈ ಊದಿಕೊಳ್ಳಬಹುದು. ನಾಯಿ ಕಚ್ಚಿದ್ದರೆ ರೇಬೀಸ್ ಭಯ ಬೇರೆ ಇದೆ. ಯಾವುದೇ ಪ್ರಾಣಿ ಕಚ್ಚಲಿ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಇದು ಜೀವ ಉಳಿಸುವ ಕೆಲಸ, ಉತ್ಪ್ರೇಕ್ಷೆಯಲ್ಲ. ಆಮೇಲೆ ತಡಮಾಡದೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ. ಚರ್ಮ ಸೀಳಿ ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಅನ್ನು, ಅಂದರೆ ರೇಬೀಸ್ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳನ್ನು, ಗಾಯದ ಸುತ್ತಲೂ ಒಳಗೂ ಚುಚ್ಚಬೇಕಾಗುತ್ತದೆ. ರೇಬೀಸ್ ಅನುಮಾನ ಇರುವ ಗಾಯಕ್ಕೆ ಸಾಧ್ಯವಾದಷ್ಟು ಹೊಲಿಗೆ ಹಾಕುವುದಿಲ್ಲ. ಹಾಕಲೇಬೇಕಾದರೆ ಈ ಇಂಜೆಕ್ಷನ್ ಕೊಟ್ಟ ನಂತರ, ಸಡಿಲವಾಗಿ. ರೋಗಲಕ್ಷಣ ಶುರುವಾದ ಮೇಲೆ ರೇಬೀಸ್‌ಗೆ ಮದ್ದಿಲ್ಲ, ಇದನ್ನು ಮರೆಯಬೇಡಿ.

ಜಗಳದಲ್ಲಿ ಗುದ್ದಿದಾಗ ಎದುರಿನವರ ಹಲ್ಲು ತಾಗಿ ಗೆಣ್ಣಿನ ಮೇಲೆ ಆಗುವ ಗಾಯವೂ ಕಚ್ಚಿದ ಗಾಯವೇ. ನೋಡಲು ಅರ್ಧ ಸೆಂಟಿಮೀಟರ್ ಇರುತ್ತದೆ. ಮುಷ್ಟಿ ಬಿಗಿದಿದ್ದಾಗ ಹಲ್ಲು ಕೀಲಿನ ತನಕ ಹೋಗಿರುತ್ತದೆ. ಮುಷ್ಟಿ ಬಿಡಿಸಿದ ಕೂಡಲೇ ಚರ್ಮ ಸರಿದು ಆ ದಾರಿ ಮುಚ್ಚಿಹೋಗುತ್ತದೆ. ಗ್ರೀಸ್ ಗನ್, ಪೇಂಟ್ ಸ್ಪ್ರೇಯಂಥ ಹೆಚ್ಚು ಒತ್ತಡದ ಯಂತ್ರದಿಂದ ಬೆರಳಿಗೆ ಚಿಮ್ಮಿದ ಗಾಯ ಇದಕ್ಕಿಂತಲೂ ಮೋಸದ್ದು. ಸೂಜಿ ಚುಚ್ಚಿದಷ್ಟೇ ತೂತು, ಮೊದಲು ನೋವೂ ಕಮ್ಮಿ. ಒಳಗೆ ಎಣ್ಣೆ ಅಥವಾ ಬಣ್ಣ ಬೆರಳಿನುದ್ದಕ್ಕೂ ಹರಡಿರುತ್ತದೆ. ತಕ್ಷಣ ಆಪರೇಷನ್ ಮಾಡದಿದ್ದರೆ ಬೆರಳೇ ಹೋಗಬಹುದು.

ಮಣ್ಣು, ಸಗಣಿ ತುಂಬಿಕೊಂಡ ಗಾಯ, ಜಜ್ಜಿಹೋದ ಗಾಯ, ಮೊಳೆ ತುಳಿದ ಆಳದ ತೂತು, ಇವನ್ನೂ ಸಾಮಾನ್ಯವಾಗಿ ಕೂಡಲೇ ಮುಚ್ಚುವುದಿಲ್ಲ. ಚೆನ್ನಾಗಿ ತೊಳೆದು, ಸತ್ತ ಭಾಗ ತೆಗೆದು, ತೆರೆದೇ ಕಟ್ಟುತ್ತಾರೆ. 3ರಿಂದ 5 ದಿನ ನೋಡಿ, ಸೋಂಕಿಲ್ಲ ಅಂತ ಖಾತ್ರಿಯಾದ ಮೇಲೆ ಕೆಲವಕ್ಕೆ ಹೊಲಿಗೆ ಹಾಕುತ್ತಾರೆ. ಉಳಿದವನ್ನು ತಳದಿಂದ ಮೇಲಕ್ಕೆ ತಾವೇ ತುಂಬಿಕೊಂಡು ಬರಲು ಬಿಡುತ್ತಾರೆ.

ಎಷ್ಟು ಹೊತ್ತಿನೊಳಗೆ?

ಆರು ಗಂಟೆಯೊಳಗೆ ಹೊಲಿಗೆ ಹಾಕಿಸದಿದ್ದರೆ ಆಗುವುದಿಲ್ಲ ಅನ್ನುವ ಮಾತು ಬಹಳ ಹಳೆಯದು. ಜರ್ಮನಿಯ ಶಸ್ತ್ರವೈದ್ಯ ಪಾಲ್ ಲಿಯೋಪೋಲ್ಡ್ ಫ್ರೀಡ್ರಿಕ್ 1898ರಲ್ಲಿ ಗಿನಿಪಿಗ್‌ಗಳ ಗಾಯಕ್ಕೆ ಮಣ್ಣುಧೂಳು ಸೇರಿಸಿ ನಡೆಸಿದ ಪ್ರಯೋಗಗಳೇ ಇದರ ಮೂಲ. ಈಗ ವೈದ್ಯರು ಗಡಿಯಾರಕ್ಕಿಂತ ಗಾಯದ ಸ್ಥಿತಿಯನ್ನು ಹೆಚ್ಚು ನೋಡುತ್ತಾರೆ. ಸ್ವಚ್ಛವಾದ ಗಾಯವನ್ನು 12 ಗಂಟೆ ದಾಟಿದ ಮೇಲೂ ಮುಚ್ಚುವುದುಂಟು. ಮುಖದಲ್ಲಿ ರಕ್ತ ಸಂಚಾರ ಚೆನ್ನಾಗಿರುವುದರಿಂದ 24 ಗಂಟೆಯ ನಂತರವೂ ಸಾಧ್ಯ. ಹಾಗಂತ ಬೆಳಿಗ್ಗೆ ನೋಡೋಣ ಅಂತ ಮಲಗಬೇಡಿ. ಹೊತ್ತು ಕಳೆದಷ್ಟೂ ರೋಗಾಣುಗಳು ಹೆಚ್ಚುತ್ತವೆ, ಅಂಚುಗಳು ಊದಿಕೊಂಡು ಜೋಡಿಸುವುದು ಕಷ್ಟವಾಗುತ್ತದೆ. ನಿನ್ನೆಯ ಗಾಯ ಅಂತ ಹೋಗದೇ ಇರುವುದೂ ತಪ್ಪು. ತಡವಾದರೂ ತೋರಿಸಿ.

ಸೂಜಿಯ ಭಯಕ್ಕೆ ಆಸ್ಪತ್ರೆಗೆ ಹೋಗದವರು ಬಹಳ ಮಂದಿ, ಮಕ್ಕಳಂತೂ ಸರಿಯೇ ಸರಿ. ಅಂಚುಗಳನ್ನು ಹಿಡಿದಿಡಲು ದಾರ ಒಂದೇ ದಾರಿಯಲ್ಲ. ಎಳೆತ ಇಲ್ಲದ ಜಾಗದ ನೇರವಾದ ಸೀಳಿಗೆ ಅಂಟುಪಟ್ಟಿ ಸಾಕಾಗಬಹುದು. ಚರ್ಮಕ್ಕೆಂದೇ ತಯಾರಿಸಿದ ಅಂಟೂ ಇದೆ, ಮಕ್ಕಳ ಹಣೆಯ ಗಾಯಕ್ಕೆ ಅದನ್ನು ಜಾಸ್ತಿ ಬಳಸುತ್ತಾರೆ. ಅದು ಅಂಗಡಿಯ ಸೂಪರ್ ಗ್ಲೂ ಜಾತಿಗೇ ಸೇರಿದ್ದಾದರೂ ಎರಡೂ ಒಂದೇ ಅಲ್ಲ. ಅಂಗಡಿಯದ್ದು ಬಿಸಿಯಾಗಿ ಚರ್ಮ ಸುಡಬಹುದು, ಗಾಯಕ್ಕೆ ಹಾಕಬೇಡಿ. ನೆತ್ತಿಯ ಗಾಯಕ್ಕೆ ಸ್ಟೇಪಲ್ ಹೊಡೆಯುವುದುಂಟು, ಎರಡೂ ಕಡೆಯ ಕೂದಲನ್ನೇ ಹೆಣೆದು ಅಂಟಿನಿಂದ ನಿಲ್ಲಿಸುವುದೂ ಉಂಟು. ಹೊಲಿಗೆಯೇ ಬೇಕಾದರೂ, ಮರಗಟ್ಟುವ ಇಂಜೆಕ್ಷನ್‌ನ ಮೊದಲ ಕೆಲವು ಕ್ಷಣದ ಉರಿ ಬಿಟ್ಟರೆ ಆಮೇಲೆ ಎಳೆದಂತೆ ಅನಿಸುತ್ತದೆ ಅಷ್ಟೆ.

ಹೊಲಿಗೆ ಬೇಡದ ಗಾಯಕ್ಕೂ ಬೇಕಾಗಬಹುದಾದದ್ದು ಧನುರ್ವಾಯು ಲಸಿಕೆ. ತುಕ್ಕು ಹಿಡಿದ ಕಬ್ಬಿಣದಿಂದಲೇ ಧನುರ್ವಾಯು ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ತುಕ್ಕಿನದೇನೂ ತಪ್ಪಿಲ್ಲ. ಆ ರೋಗಾಣು ಮಣ್ಣಿನಲ್ಲಿ, ಪ್ರಾಣಿಗಳ ಸಗಣಿಯಲ್ಲಿ ಇರುತ್ತದೆ, ಗಾಳಿ ತಾಕದ ಆಳದ ಗಾಯದಲ್ಲಿ ಬೆಳೆಯುತ್ತದೆ. ಚಿಕ್ಕಂದಿನಲ್ಲಿ ಎಲ್ಲ ಡೋಸ್ ಆಗಿದ್ದರೆ, ಸ್ವಚ್ಛವಾದ ಸಣ್ಣ ಗಾಯಕ್ಕೆ ಕೊನೆಯ ಡೋಸ್ ಆಗಿ 10 ವರ್ಷ ದಾಟಿದ್ದರೆ ಮತ್ತೊಂದು ಬೇಕು. ಕೊಳಕಾದ ಅಥವಾ ಆಳದ ಗಾಯಕ್ಕೆ 5 ವರ್ಷ ದಾಟಿದ್ದರೂ ಬೇಕು. ಕೊನೆಯ ಬಾರಿ ಯಾವಾಗ ಹಾಕಿಸಿದ್ದು ಅನ್ನುವುದೇ ನೆನಪಿಲ್ಲದಿದ್ದರೆ ಅದನ್ನೂ ಹಾಗೇ ಹೇಳಿ.

ಹೊಲಿಗೆಯ ನಂತರ

ಬಿಚ್ಚುವ ದಿನ ಜಾಗದ ಮೇಲೆ ನಿಂತಿದೆ. ಮುಖದ್ದು 3ರಿಂದ 5 ದಿನ, ನೆತ್ತಿಯದು 7ರಿಂದ 10, ಕಾಲು ಮತ್ತು ಕೀಲಿನ ಮೇಲಿನದು 10ರಿಂದ 14. ಮುಖದ ಹೊಲಿಗೆಯನ್ನು ಜಾಸ್ತಿ ದಿನ ಬಿಟ್ಟರೆ ದಾರದ ಗುರುತೇ ಉಳಿದುಬಿಡುತ್ತದೆ. ಗಾಯವನ್ನು ಒಣಗಿಸಿ ಹಕ್ಕಳೆ ಕಟ್ಟಿಸಬೇಕು ಅನ್ನುವುದು ಹಳೆಯ ನಂಬಿಕೆ. ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ತೇವ ಉಳಿಸಿಕೊಂಡ ಮೇಲ್ಪದರದ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತ್ತು. ಆದ್ದರಿಂದ ತರಚು ಗಾಯಕ್ಕೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ ಮುಚ್ಚಿಡುವುದು ಒಳ್ಳೆಯದು.

ಮೊದಲ ಕೆಲವು ದಿನ ಅಂಚಿನಲ್ಲಿ ಸ್ವಲ್ಪ ಕೆಂಪು, ಸ್ವಲ್ಪ ಊತ ಸಹಜ. ಎರಡನೆಯ ದಿನದ ನಂತರ ನೋವು ಕಮ್ಮಿಯಾಗುವ ಬದಲು ಹೆಚ್ಚುತ್ತಿದ್ದರೆ, ಕೆಂಪು ಅಗಲವಾಗುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ವೈದ್ಯರ ಬಳಿ ಹೋಗಿ. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಟ್ಟರೆ ಅದು ಹರಡುತ್ತಿದೆಯೋ ಇಲ್ಲವೋ ಸ್ಪಷ್ಟವಾಗಿ ಗೊತ್ತಾಗುತ್ತದೆ. ಗಾಯದಿಂದ ಮೇಲಕ್ಕೆ ಕೆಂಪು ಪಟ್ಟೆ ಏರುತ್ತಿದ್ದರೆ ಅದೇ ದಿನ ಹೋಗಿ. ಸಕ್ಕರೆ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿರುವವರು ಇಷ್ಟೆಲ್ಲ ಆಗುವ ತನಕ ಕಾಯಲೇಬಾರದು.

ದಾರ ಬಿಚ್ಚಿದ ದಿನ ಗಾಯ ಮಾಯ್ದಂತೆ ಕಂಡರೂ ಚರ್ಮ ಇನ್ನೂ ಬಲಹೀನ. ಮೂರು ವಾರಕ್ಕೆ ಅದರ ಗಟ್ಟಿತನ ಮೊದಲಿನ ಮೂರನೇ ಒಂದು ಭಾಗವನ್ನೂ ಮುಟ್ಟಿರುವುದಿಲ್ಲ. ಮೂರು ತಿಂಗಳಿಗೆ ಸುಮಾರು 80 ಶೇಕಡಾ ಬರುತ್ತದೆ, ಪೂರ್ತಿ ಮೊದಲಿನಂತೆ ಆಗುವುದೇ ಇಲ್ಲ. ಹಾಗಾಗಿ ಆ ಜಾಗಕ್ಕೆ ಎಳೆತ ಬೀಳುವ ಆಟ, ಭಾರದ ಕೆಲಸಗಳನ್ನು ಯಾವಾಗ ಶುರು ಮಾಡಬಹುದು ಅಂತ ದಾರ ಬಿಚ್ಚುವಾಗಲೇ ಕೇಳಿಕೊಳ್ಳಿ. ಹೊಸ ಕಲೆಗೆ ಬಿಸಿಲು ಬಿದ್ದರೆ ಕಪ್ಪಾಗುತ್ತದೆ. ಅದು ತಿಳಿಯಾಗಲು ಒಂದು ವರ್ಷದಷ್ಟು ಕಾಲ ಹಿಡಿಯಬಹುದು, ಅಲ್ಲಿಯ ತನಕ ಬಟ್ಟೆಯಿಂದಲೋ ಸನ್‌ಸ್ಕ್ರೀನ್‌ನಿಂದಲೋ ಮರೆಮಾಡಿ.